ಭಾವಗೀತೆಯ ಆಲ್ಬಮ್‌ಗಳು: ಮಧುಗಿರಿ ಸೀಮೆಯ ‘ಮಾವು ಬೇವು’ ಮತ್ತು ಅದರ ಒಡನಾಡಿಗಳು

ಒಬ್ಬ ಕವಿಯ ಎಂಟು ಹತ್ತು ಕವಿತೆಗಳನ್ನು ಆಯ್ದು, ಒಬ್ಬರೇ ಸಂಗೀತ ನಿರ್ದೇಶಕರಿಂದ ರಾಗ ಹಾಕಿಸಿ, ಒಂದೆರಡು ದನಿಗಳಲ್ಲಿ ಹಾಡಿಸಿ, ಒಂದು ಹೆಸರಿನಡಿ ಹೊರತರುವ ಧ್ವನಿಮುದ್ರಿಕೆಯೇ ಭಾವಗೀತೆಯ ಆಲ್ಬಮ್. ಕನ್ನಡದಲ್ಲಿ ಇದು 1970ರ ದಶಕದ ಕೊನೆಗೆ ಹುಟ್ಟಿ, ಕ್ಯಾಸೆಟ್ಟಿನ ಜೊತೆಗೇ ಬೆಳೆದು, ಕ್ಯಾಸೆಟ್ಟಿನ ಜೊತೆಗೇ ಸೊರಗಿತು. ಸಿನಿಮಾ ಹಾಡು ಕೇಳುವವರು ಯಾವಾಗಲೂ ಹೆಚ್ಚು. ಆದರೂ ಸಿನಿಮಾದ ಹಂಗಿಲ್ಲದೆ ಹಾಡುಗಳ ಒಂದು ಗುಚ್ಛವನ್ನು ಮೊದಲಿಂದ ಕೊನೆಯವರೆಗೆ ಕೂತು ಕೇಳುವ ಅಭ್ಯಾಸವನ್ನು ಕನ್ನಡಿಗರಿಗೆ ಕಲಿಸಿದ್ದು ಭಾವಗೀತೆಯೇ. ಈ ಲೇಖನದಲ್ಲಿ ಅದನ್ನು ತುಮಕೂರು ಜಿಲ್ಲೆಯ ಉತ್ತರದ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಕಡೆಯಿಂದ ನೋಡಲಾಗಿದೆ. ನಾಲ್ಕೂ ಸೇರಿ ಮಧುಗಿರಿ ಕಂದಾಯ ಉಪವಿಭಾಗ. ಮಳೆ ಕಡಿಮೆ, ಕಡಲೆಕಾಯಿ ಹೆಚ್ಚು. ಇಲ್ಲಿಂದ ನೋಡುವುದಕ್ಕೆ ಕಾರಣವೂ ಇದೆ: ‘ಮಾವು ಬೇವು’ ಆಲ್ಬಮ್ಮಿನ ಕವಿ ದೊಡ್ಡರಂಗೇಗೌಡರು ಮಧುಗಿರಿ ತಾಲ್ಲೂಕಿನ ಕುರುಬರಹಳ್ಳಿಯಲ್ಲಿ 1946ರಲ್ಲಿ ಹುಟ್ಟಿದವರು.

ಇಂಥ ಆಲ್ಬಮ್‌ಗಳನ್ನು ತೂಗಿ ನೋಡಲು ಒಂದು ಹಳೆಯ ಆಟ ನೆರವಾಗುತ್ತದೆ. ನಿರ್ಜನ ದ್ವೀಪಕ್ಕೆ ಹೋಗುವಾಗ ಯಾವ ಹಾಡುಗಳನ್ನು ಒಯ್ಯುತ್ತೀರಿ ಎಂಬ ಅದರ ಪ್ರಶ್ನೆ ಬ್ರಿಟನ್ನಿನ ರೇಡಿಯೊದಿಂದ ಬಂದದ್ದು. ರಾಯ್ ಪ್ಲಮ್ಲಿ ಕಲ್ಪಿಸಿದ ‘ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್’ 1942ರ ಜನವರಿಯಲ್ಲಿ ಬಿಬಿಸಿಯಲ್ಲಿ ಶುರುವಾಗಿ ಇಂದಿಗೂ ನಡೆಯುತ್ತಿದೆ. ಅತಿಥಿ ಎಂಟು ಧ್ವನಿಮುದ್ರಿಕೆಗಳನ್ನು ಆರಿಸಬೇಕು; ಜೊತೆಗೆ ಒಂದು ಪುಸ್ತಕ, ಒಂದು ಐಷಾರಾಮದ ವಸ್ತು. ಸಂಗೀತದ ಹುಚ್ಚಿರುವ ಎಲ್ಲ ದೇಶಗಳವರೂ ಈ ಆಟವನ್ನು ತಮ್ಮದಾಗಿಸಿಕೊಂಡಿದ್ದಾರೆ. ಜಪಾನಿನ ಐಡಲ್ ಪಾಪ್ ಅಭಿಮಾನಿಗಳಂತೂ ಇದರಲ್ಲಿ ಪಳಗಿದವರು. ಅವರ ಪಟ್ಟಿಗಳನ್ನೂ ನಮ್ಮ ಭಾವಗೀತೆಯ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟರೆ, ಆಲ್ಬಮ್ಮಿನ ಮುಂದೆ ಯಾರು ನಿಲ್ಲುತ್ತಾರೆ, ಹಿಂದೆ ಯಾರು ಉಳಿಯುತ್ತಾರೆ ಎಂಬುದು ಬೇಗ ಕಣ್ಣಿಗೆ ಬೀಳುತ್ತದೆ.

ಜಪಾನಿನಲ್ಲಿ ಮುಂದೆ ನಿಲ್ಲುವುದು ಹಾಡುವ ಹುಡುಗಿ. 1971ರಲ್ಲಿ ಶುರುವಾದ ‘ಸ್ಟಾರ್ ತಂಜೋ!’ ಎಂಬ ದೂರದರ್ಶನ ಸ್ಪರ್ಧೆ ಹದಿಹರೆಯದವರನ್ನು ಆರಿಸಿ ತಾರೆಗಳನ್ನಾಗಿ ಮಾಡಿತು. ಯಾಮಾಗುಚಿ ಮೊಮೊಯೆ ಅಲ್ಲಿಂದಲೇ ಬಂದವಳು. 1980ರಲ್ಲಿ ಅವಳು ನಿವೃತ್ತಳಾದ ವರ್ಷವೇ ಮಾತ್ಸುದಾ ಸೇಕೊ ರಂಗಕ್ಕೆ ಬಂದಳು. ಸೇಕೊಳ ‘ಕಾಝೆ ತಾಚಿನು’ (1981), ‘ಪೈನಾಪಲ್’ (1982) ಆಲ್ಬಮ್‌ಗಳ ಹಾಡು ಬರೆದವರು ಮಾತ್ಸುಮೊಟೊ ತಾಕಾಶಿ. ‘ಹ್ಯಾಪಿ ಎಂಡ್’ ಎಂಬ ರಾಕ್ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದ ಮನುಷ್ಯ, ಒಳ್ಳೆಯ ಕವಿ. ಅಭಿಮಾನಿಗಳಿಗೆ ಅವನ ಹೆಸರು ಗೊತ್ತು, ಆದರೆ ಕವರಿನ ಮೇಲಿದ್ದದ್ದು ಸೇಕೊಳ ಮುಖ. 2005ರಲ್ಲಿ ಟೋಕಿಯೊದ ಅಕಿಹಾಬಾರಾದಲ್ಲಿ ಹುಟ್ಟಿದ ಎಕೆಬಿ48 ತಂಡದ ಕಾಲಕ್ಕೆ ಸಿ.ಡಿ. ಜೊತೆಗೆ ತಾರೆಯ ಕೈಕುಲುಕುವ ಚೀಟಿ, ಮತ ಹಾಕುವ ಚೀಟಿ ಸಿಗತೊಡಗಿದವು. ಚೀಟಿಗಾಗಿ ಒಂದೇ ಸಿ.ಡಿ.ಯನ್ನು ಹತ್ತಾರು ಸಲ ಕೊಂಡವರಿದ್ದಾರೆ. ಆ ಹತ್ತಾರರಲ್ಲಿ ದ್ವೀಪಕ್ಕೆ ಒಯ್ಯಲು ಒಂದು ಸಾಕು.

ಕವಿ ಮುಂದೆ ಬಂದ ಕಥೆ

ಕನ್ನಡದಲ್ಲಿ ಕವಿತೆಯನ್ನು ವೇದಿಕೆಯಲ್ಲಿ ಹಾಡಿ ಊರೂರಿಗೆ ಮುಟ್ಟಿಸಿದವರು ಪಿ. ಕಾಳಿಂಗರಾಯರು. ಮೋಹನಕುಮಾರಿ, ಸೋಹನಕುಮಾರಿಯರ ಜೊತೆಗೂಡಿ ಅವರು ಹಾಡಿದ ಹಾಡುಗಳು ಗ್ರಾಮಫೋನ್ ಪ್ಲೇಟುಗಳಲ್ಲೂ ಬಂದವು. ಆದರೆ 78ರ ಪ್ಲೇಟಿನ ಒಂದು ಬದಿಗೆ ಹಿಡಿಸುತ್ತಿದ್ದುದು ಮೂರು ಮೂರೂವರೆ ನಿಮಿಷ. ಒಂದು ಪ್ಲೇಟಿಗೆ ಎರಡು ಹಾಡಾದರೆ ಮುಗಿಯಿತು. ಇಡೀ ಸಂಕಲನದ ಹದವನ್ನು ಅದರಲ್ಲಿ ತುಂಬಲಾಗದು. ಎಲ್‌ಪಿ ಬಂದಾಗ ಜಾಗ ಸಿಕ್ಕಿತು, ಆದರೆ ಅದನ್ನು ನುಡಿಸುವ ಯಂತ್ರ ಹಳ್ಳಿಯವರ ಕೈಗೆ ಎಟುಕಲಿಲ್ಲ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಪುಟ್ಟ ಕ್ಯಾಸೆಟ್ಟು ಭಾರತದ ಮನೆಮನೆಗೆ ಇಳಿಯಲು ಹದಿನೈದು ವರ್ಷವೇ ಹಿಡಿಯಿತು. ಇಳಿದ ಮೇಲೆ ಒಂದು ಬದಿಗೆ ಅರ್ಧ ಗಂಟೆ, ಎರಡು ಬದಿಗೆ ಒಂದು ಗಂಟೆ. ಶೆಲ್ಲು ಹಾಕಿದರೆ ತೋಟದಲ್ಲೂ ಹಾಡುವ ಯಂತ್ರ.

ಹೊತ್ತು ಕೂಡಿಬಂದದ್ದು 1978ರಲ್ಲಿ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಹೊರಬಂತು. ಕನ್ನಡದ ಮೊದಲ ಭಾವಗೀತೆಯ ಆಲ್ಬಮ್ ಎಂದು ಅದನ್ನೇ ಗುರುತಿಸುವುದು ರೂಢಿ. ಅದರ ಗೆಲುವು ಕಂಡ ಮೇಲೆ ಕಂಪನಿಗಳು ಕವಿಗಳ ಮನೆ ಬಾಗಿಲು ತಟ್ಟಿದವು. ಸಿ. ಅಶ್ವತ್ಥ್ ಅವರು ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯನ್ನು ಕ್ಯಾಸೆಟ್ಟಿಗೆ ತಂದರು. 1942ರಲ್ಲಿ ಅಚ್ಚಾದ ಆ ಪುಸ್ತಕ ಆ ಹೊತ್ತಿಗಾಗಲೇ ಮದುವೆಯ ಉಡುಗೊರೆಯಾಗಿ ಎರಡು ತಲೆಮಾರು ಕಂಡಿತ್ತು. ಕ್ಯಾಸೆಟ್ಟು ಅದನ್ನು ಓದು ಬಾರದವರ ಮನೆಗೂ ಕೊಂಡೊಯ್ಯಿತು. ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಅನಂತಸ್ವಾಮಿಯವರ ದನಿಯಲ್ಲಿ ಬೇರೆಯೇ ಜೀವ ತಳೆದವು. ಶಿಶುನಾಳ ಶರೀಫರ ತತ್ವಪದಗಳು ಅಶ್ವತ್ಥ್ ಅವರ ತಾರಕದಲ್ಲಿ ಬಯಲುಸೀಮೆಯ ಚಹಾ ಅಂಗಡಿಗಳವರೆಗೂ ಬಂದವು. ಶಿವಮೊಗ್ಗ ಸುಬ್ಬಣ್ಣ, ರತ್ನಮಾಲಾ ಪ್ರಕಾಶ್, ಬಿ.ಆರ್. ಛಾಯಾ ಈ ಪ್ರಕಾರದ ಹೆಸರಾಂತ ದನಿಗಳು.

ಇವನ್ನೆಲ್ಲ ಜನ ಕರೆಯುತ್ತಿದ್ದ ರೀತಿಯನ್ನು ಗಮನಿಸಬೇಕು. ‘ನಿಸಾರರ ನಿತ್ಯೋತ್ಸವ’, ‘ಕೆ.ಎಸ್.ನ. ಕ್ಯಾಸೆಟ್ಟು’, ‘ಶರೀಫಜ್ಜನ ಪದ’. ರಾಗ ಹಾಕಿದವರು ಎಷ್ಟೇ ದೊಡ್ಡವರಾದರೂ ಆಲ್ಬಮ್ಮಿನ ಒಡೆತನ ಕವಿಯದು. ಇದಕ್ಕೆ ಇನ್ನೊಂದು ಪುರಾವೆ ಸಾಹಿತ್ಯ ಸಮ್ಮೇಳನಗಳಲ್ಲಿದೆ. 1990ರಲ್ಲಿ ಮೈಸೂರಿನಲ್ಲಿ ಕೆ.ಎಸ್.ನ., 1992ರಲ್ಲಿ ದಾವಣಗೆರೆಯಲ್ಲಿ ಜಿ.ಎಸ್. ಶಿವರುದ್ರಪ್ಪ, 2006ರಲ್ಲಿ ಶಿವಮೊಗ್ಗದಲ್ಲಿ ನಿಸಾರ್, 2020ರಲ್ಲಿ ಕಲಬುರಗಿಯಲ್ಲಿ ಎಚ್.ಎಸ್. ವೆಂಕಟೇಶಮೂರ್ತಿ, 2023ರಲ್ಲಿ ಹಾವೇರಿಯಲ್ಲಿ ದೊಡ್ಡರಂಗೇಗೌಡ: ಅಧ್ಯಕ್ಷರ ಮೆರವಣಿಗೆ ನೋಡಲು ಬೀದಿಯ ಎರಡೂ ಬದಿ ನಿಂತವರಲ್ಲಿ ಇವರನ್ನು ಓದಿದವರಿಗಿಂತ ಕೇಳಿದವರೇ ಹೆಚ್ಚಿದ್ದಿರಬೇಕು. ವಿಮರ್ಶಕರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ರಾಗದ ಸಿಹಿಯಲ್ಲಿ ಕವಿತೆಯ ಅರ್ಥ ಕರಗಿಹೋಗುತ್ತದೆ ಎಂಬ ಆಕ್ಷೇಪ ಹಳೆಯದು, ಪೂರ್ತಿ ಸುಳ್ಳೂ ಅಲ್ಲ. ವಾದ್ಯಗೋಷ್ಠಿಯ ಅಬ್ಬರದಲ್ಲಿ ಪದಗಳು ಮುಳುಗಿದ ಕ್ಯಾಸೆಟ್ಟುಗಳು ಸಾಕಷ್ಟು ಬಂದಿವೆ.

ಮಾವು ಬೇವು

ದೊಡ್ಡರಂಗೇಗೌಡರ ದಾರಿ ಉಳಿದವರಿಗಿಂತ ಬೇರೆ. ನಿಸಾರ್, ಕೆ.ಎಸ್.ನ. ಅವರ ಕವಿತೆಗಳು ಪುಸ್ತಕದಲ್ಲಿ ಹೆಸರು ಮಾಡಿ ಆಮೇಲೆ ಕ್ಯಾಸೆಟ್ಟಿಗೆ ಬಂದವು. ಗೌಡರು 1970ರ ದಶಕದಲ್ಲೇ ಕವಿತೆ ಬರೆಯುತ್ತ, ಬೆಂಗಳೂರಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತ, ಜೊತೆಗೇ ಸಿನಿಮಾಕ್ಕೂ ಬರೆದರು. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯಿಂದಾದ ‘ಪರಸಂಗದ ಗೆಂಡೆತಿಮ್ಮ’ (1978) ಚಿತ್ರಕ್ಕೆ ಅವರು ಬರೆದ, ರಾಜನ್–ನಾಗೇಂದ್ರ ರಾಗ ಹಾಕಿದ ಹಾಡುಗಳು ಹಳ್ಳಿಯ ಮಾತನ್ನು ಇದ್ದ ಹಾಗೇ ಹಾಡಿಗಿಳಿಸಿದವು. ‘ಆಲೆಮನೆ’ (1981) ಚಿತ್ರದಲ್ಲಿ ಅಶ್ವತ್ಥ್–ವೈದಿ ಜೋಡಿಯ ಸಂಗೀತಕ್ಕೆ ಅವರು ಬರೆದ ಪ್ರೇಮಗೀತೆಯನ್ನು ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದರು. ಚಿತ್ರವನ್ನು ಮರೆತವರಿಗೂ ಆ ಹಾಡು ಮರೆತಿಲ್ಲ. ಕವಿ, ರಾಗದವರು, ಹಾಡುಗಾರ ಈ ಮೂವರ ಕೂಟವೇ ‘ಮಾವು ಬೇವು’ ಆಲ್ಬಮ್ಮಿನದು: ರಚನೆ ದೊಡ್ಡರಂಗೇಗೌಡ, ಸಂಗೀತ ಅಶ್ವತ್ಥ್, ಗಾಯನ ಎಸ್‌ಪಿಬಿ.

ಮೂವರನ್ನೂ ಒಂದು ಕ್ಷಣ ಬೇರೆಬೇರೆ ನೋಡೋಣ. ಅಶ್ವತ್ಥ್ ಚನ್ನರಾಯಪಟ್ಟಣದಲ್ಲಿ 1939ರಲ್ಲಿ ಹುಟ್ಟಿ, ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ನೌಕರಿ ಮಾಡುತ್ತಲೇ ಸಂಗೀತ ಕಟ್ಟಿದವರು. ಅವರು ಸ್ವತಃ ಹಾಡಿದರೆ ಕಂಠದಲ್ಲಿ ಒರಟು, ಎದೆಯ ಬಲ. ಎಸ್‌ಪಿಬಿ ಅವರದ್ದು ನೇರ ತದ್ವಿರುದ್ಧ. ಉಸಿರಿನ ನಡುವೆ ನಗುವನ್ನೂ ನಿಟ್ಟುಸಿರನ್ನೂ ಇಡಬಲ್ಲ, ಮೈಕಿಗೆ ಮುಖವಿಟ್ಟು ಮಾತಾಡಿದಂತೆ ಹಾಡಬಲ್ಲ ಗಂಟಲು. ತೆಲುಗು ಮನೆಮಾತಿನವರಾದರೂ ಕನ್ನಡದ ಅಲ್ಪಪ್ರಾಣ ಮಹಾಪ್ರಾಣ ತಪ್ಪದೆ ನುಡಿಯುವುದರಲ್ಲಿ ಅವರು ಎಷ್ಟೋ ಕನ್ನಡಿಗ ಗಾಯಕರಿಗಿಂತ ಕಟ್ಟುನಿಟ್ಟು. ಅವರೂ ಗೌಡರೂ ಒಂದೇ ವರ್ಷದವರು, ಗೌಡರು ಫೆಬ್ರವರಿ, ಎಸ್‌ಪಿಬಿ ಜೂನ್. ಮಧುಗಿರಿ ಕಡೆಯ ಮಾತಿನ ಮಣ್ಣು, ಸಿನಿಮಾ ಗಾಯಕನ ನಯ, ಎರಡಕ್ಕೂ ನಡುವೆ ನಿಂತು ಹದ ನೋಡಿದ ಅಶ್ವತ್ಥ್: ‘ಮಾವು ಬೇವು’ ಕೇಳಲು ಹಿತವಾಗುವುದು ಈ ಎಳೆದಾಟದಿಂದ.

ಹೆಸರೇ ಹಳ್ಳಿಯ ಬಾಗಿಲಿನದು. ಯುಗಾದಿಗೆ ಮಾವಿನೆಲೆಯ ತೋರಣದ ನಡುನಡುವೆ ಬೇವಿನ ಎಸಳು ಸಿಕ್ಕಿಸುವುದು ಈ ಸೀಮೆಯ ಪದ್ಧತಿ. ಹಾಡುಗಳಲ್ಲಿ ಒಲವಿದೆ, ಊರಿದೆ, ಹಸಿರಿದೆ. ಮಳೆಗೆ ಕಾಯುವುದೇ ಬದುಕಾದ ನೆಲದ ಕವಿ ಹಸಿರಿನ ಬಗ್ಗೆ ಇಷ್ಟು ಬರೆದದ್ದು ಯಾಕೆ ಎಂದು ಕೇಳಿದರೆ, ಪಾವಗಡದ ಬಿಸಿಲಲ್ಲಿ ಒಂದು ಬೇಸಿಗೆ ಕಳೆದವರು ಉತ್ತರ ಹೇಳಬಲ್ಲರು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಉತ್ತರ ಪಿನಾಕಿನಿ ಸೇರುವ ಜಯಮಂಗಲಿ ವರ್ಷದ ಬಹುಪಾಲು ಮರಳಿನ ಹಾಸು. ಅಂಥಲ್ಲಿ ಹೊಂಗೆ ಚಿಗುರುವುದೂ ಸುದ್ದಿಯೇ.

ಆದರೆ ಇಲ್ಲೊಂದು ಸೋಜಿಗವಿದೆ. ‘ಮಾವು ಬೇವು’ ಕ್ಯಾಸೆಟ್ಟನ್ನು ಬಹಳ ಜನ ಕೇಳಿ ಕೊಂಡದ್ದು ಎಸ್‌ಪಿಬಿ ಹೆಸರಿನಿಂದ. ಭಾವಗೀತೆಯ ಲೋಕದಲ್ಲಿ ತಾರೆಯ ದನಿ ಕವಿಯನ್ನು ಹಿಂದಕ್ಕೆ ಸರಿಸಿದ ಅಪರೂಪದ ಪ್ರಸಂಗ ಇದು. ಜಪಾನಿನ ಸೇಕೊ–ಮಾತ್ಸುಮೊಟೊ ಲೆಕ್ಕಾಚಾರಕ್ಕೆ ನಮ್ಮಲ್ಲಿ ಹತ್ತಿರ ಬರುವ ಆಲ್ಬಮ್ಮೂ ಇದೇ. ಸಿನಿಮಾ ಗಾಯಕನ ದನಿಯಾದ್ದರಿಂದ ಇದನ್ನು ಶುದ್ಧ ಸುಗಮ ಸಂಗೀತವೆನ್ನಲು ಮೂಗು ಮುರಿದವರಿದ್ದರು. ಅವರ ಮಾತನ್ನು ಒಪ್ಪುವುದು ಕಷ್ಟ. ಕವಿತೆಯ ಒಂದೊಂದು ಪದವೂ ಬಿಡಿಸಿ ಕೇಳುವಂತೆ ಹಾಡಿದ ಕ್ಯಾಸೆಟ್ಟುಗಳನ್ನು ಎಣಿಸಹೊರಟರೆ ‘ಮಾವು ಬೇವು’ ಮೊದಲ ಸಾಲಿನಲ್ಲೇ ಬರುತ್ತದೆ. ಗೌಡರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಪದ್ಮಶ್ರೀ ಪಡೆದ ಇನ್ನೊಬ್ಬರು ಪಕ್ಕದ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ. ಸಾವಿರಾರು ಹೆರಿಗೆ ಮಾಡಿಸಿದ ಆ ಅಜ್ಜಿ ಜನಪದ ಹಾಡುಗಳನ್ನೂ ಹಾಡುತ್ತಿದ್ದರು. ಅವರ ಆಲ್ಬಮ್ ಯಾವ ಅಂಗಡಿಗೂ ಬರಲಿಲ್ಲ.

ಅಂಗಡಿ, ಮೈಕ್‌ಸೆಟ್ಟು, ಜಾತ್ರೆ

ತಾಲ್ಲೂಕು ಕೇಂದ್ರಗಳಲ್ಲಿ ಕ್ಯಾಸೆಟ್ಟು ಸಿಗುತ್ತಿದ್ದುದು ಬಸ್ ನಿಲ್ದಾಣದ ಆಸುಪಾಸಿನ ಪುಟ್ಟ ಅಂಗಡಿಗಳಲ್ಲಿ. ಗಾಜಿನ ಹಿಂದೆ ಬೆನ್ನು ತೋರಿಸಿ ಜೋಡಿಸಿಟ್ಟ ಲಹರಿ, ಸಂಗೀತಾ ಕಂಪನಿಗಳ ಕ್ಯಾಸೆಟ್ಟುಗಳು. ಬಾಗಿಲಿಗೆ ಹೊಸ ಚಿತ್ರದ ಪೋಸ್ಟರು. ಒಳಗೆ ಎರಡು ಡೆಕ್ಕು. ಅಸಲಿ ಕ್ಯಾಸೆಟ್ಟಿಗೆ ಕಾಸು ಸಾಲದವರು ಖಾಲಿ ಕ್ಯಾಸೆಟ್ಟು ಕೊಟ್ಟು, ಬೇಕಾದ ಹಾಡುಗಳನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಕೊಟ್ಟರೆ ಎರಡು ಮೂರು ದಿನದಲ್ಲಿ ತುಂಬಿಸಿ ಕೊಡುತ್ತಿದ್ದರು. ಕಾನೂನಿನ ಪ್ರಕಾರ ತಪ್ಪು, ಕಂಪನಿಗಳಿಗೆ ನಷ್ಟ. ಆದರೆ ದ್ವೀಪಕ್ಕೆ ಯಾವ ಹಾಡು ಎಂಬ ಪ್ರಶ್ನೆಗೆ ಸಾವಿರಾರು ಜನ ನಿಜವಾಗಿ ಉತ್ತರ ಬರೆದದ್ದು ಆ ಹಾಳೆಗಳಲ್ಲೇ. ಒಂದೇ ಕ್ಯಾಸೆಟ್ಟಿನಲ್ಲಿ ಅನಂತಸ್ವಾಮಿ, ಹಂಸಲೇಖ, ಪಾವಗಡದ ಕಡೆಯಾದರೆ ನಡುವೆ ಎರಡು ತೆಲುಗು ಹಾಡು. ಪಾವಗಡವನ್ನು ಹೆಚ್ಚುಕಡಿಮೆ ಸುತ್ತಲೂ ಆಂಧ್ರದ ಗಡಿ ಬಳಸಿದೆ. ಅಲ್ಲಿ ಎರಡು ಭಾಷೆಯಲ್ಲಿ ಹಾಡು ಕೇಳದ ಮನೆ ಸಿಗುವುದು ಕಷ್ಟ.

ಯಂತ್ರಕ್ಕೆ ರೀಲು ಸಿಕ್ಕಿಕೊಂಡರೆ ಮೆಲ್ಲಗೆ ಬಿಡಿಸಿ, ಹಲ್ಲಿನ ಗಾಲಿಗೆ ಪೆನ್ಸಿಲು ತೂರಿಸಿ ತಿರುವಿ ಸುತ್ತಬೇಕಿತ್ತು. ಹೆಡ್ಡಿಗೆ ಧೂಳು ಕೂತು ದನಿ ಮಂಕಾದರೆ ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸುವುದು. ತಿರುಗಿ ತಿರುಗಿ ಎಳೆದುಹೋದ ಟೇಪಿನಲ್ಲಿ ಅಶ್ವತ್ಥ್ ಅವರ ತಾರಕವೂ ಮಂದ್ರಕ್ಕೆ ಇಳಿಯುತ್ತಿತ್ತು. ಇನ್ನು ಸ್ವಂತ ಟೇಪ್‌ರೆಕಾರ್ಡರ್ ಇಲ್ಲದವರಿಗೆ ಮೈಕ್‌ಸೆಟ್ಟು ಇತ್ತು. ಮದುವೆ, ನಾಮಕರಣ, ಮಧುಗಿರಿ ದಂಡಿನ ಮಾರಮ್ಮನ ಜಾತ್ರೆ, ಗಣಪತಿ ಕೂರಿಸುವುದು, ಯಾವುದಕ್ಕೂ ಮರಕ್ಕೆ ಕಟ್ಟಿದ ಕೊಂಬಿನ ಸ್ಪೀಕರಿನಿಂದ ಮೈಲು ದೂರದ ಊರಿಗೂ ಹಾಡು. ಬೆಳಗ್ಗೆ ಭಕ್ತಿಗೀತೆ, ಹೊತ್ತೇರಿದ ಮೇಲೆ ಸಿನಿಮಾ. ಭಾವಗೀತೆಗೆ ಅದರಲ್ಲಿ ಇಕ್ಕಟ್ಟಿನ ಜಾಗ. ನವೆಂಬರ್ ಬಂದರೆ ಮಾತ್ರ ನಿತ್ಯೋತ್ಸವಕ್ಕೆ ಪಟ್ಟ.

ಭಕ್ತಿಗೀತೆಯ ವ್ಯಾಪಾರ ಇದಕ್ಕಿಂತ ದೊಡ್ಡದು. ಪಾವಗಡದ ಶನಿಮಹಾತ್ಮ, ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿ, ಸಿದ್ಧರಬೆಟ್ಟ, ಇಂಥ ಕ್ಷೇತ್ರಗಳ ಹಣ್ಣುಕಾಯಿ ಅಂಗಡಿಗಳ ಸಾಲಿನಲ್ಲಿ ಕ್ಯಾಸೆಟ್ಟಿಗೂ ಜಾಗವಿತ್ತು. ಕನ್ನಡದಲ್ಲಿ ತಾರೆಯ ಮುಖವೇ ಕವರಾದ ಸಿನಿಮೇತರ ಆಲ್ಬಮ್ ಹುಡುಕಿದರೆ ಸಿಗುವುದು ಭಕ್ತಿಗೀತೆಯಲ್ಲೇ: ರಾಜ್‌ಕುಮಾರ್ ಹಾಡಿದ ರಾಘವೇಂದ್ರ ಸ್ವಾಮಿಗಳ ಹಾಡುಗಳು. ಬಾಲ್ಯದಲ್ಲಿ ಇದೇ ಜಿಲ್ಲೆಯ ಗುಬ್ಬಿ ಕಂಪನಿಯ ನಾಟಕಗಳಲ್ಲಿ ತಂದೆಯ ಜೊತೆ ಬಣ್ಣ ಹಚ್ಚಿದ ರಾಜ್‌ಕುಮಾರ್, ತಾರೆಯಾದ ಮೇಲೂ ಕಂಪನಿ ನಾಟಕದ ಶಾರೀರವನ್ನು ಬಿಟ್ಟುಕೊಡಲಿಲ್ಲ. ಗುರುವಾರ ಬೆಳಗ್ಗೆ ಅವರ ದನಿ ಕೇಳದ ಹೋಟೆಲು ಈ ಕಡೆ ಇರಲಿಲ್ಲ ಎಂದರೆ ತುಸು ಅತಿಶಯ, ಅಷ್ಟೆ.

ನಾಟಕವನ್ನು ಬಿಟ್ಟು ತುಮಕೂರು ಜಿಲ್ಲೆಯ ಹಾಡಿನ ಮಾತು ಪೂರೈಸದು. ‘ಕುರುಕ್ಷೇತ್ರ’, ‘ದಾನಶೂರ ಕರ್ಣ’, ಶನಿಮಹಾತ್ಮೆಯ ಕಥೆಯ ‘ರಾಜಾ ವಿಕ್ರಮ’ ಇವನ್ನು ಊರಿನ ರೈತರು, ಮೇಷ್ಟರು, ಅಂಗಡಿಯವರೇ ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕಲಿತು, ಸೀನರಿ ಬಾಡಿಗೆಗೆ ತಂದು, ರಾತ್ರಿಯಿಡೀ ಆಡುತ್ತಾರೆ. ಇಂದಿಗೂ. ಆ ರಂಗಗೀತೆಗಳ ಕ್ಯಾಸೆಟ್ಟುಗಳಿಗೆ ಗಿರಾಕಿಗಳು ಕೇಳುಗರಷ್ಟೇ ಅಲ್ಲ, ಪಾತ್ರ ಹಾಕುವವರು. ದುರ್ಯೋಧನನ ಪಾತ್ರಧಾರಿ ಹೊಲದ ಬದುವಿನಲ್ಲಿ ಟೇಪು ಇಟ್ಟುಕೊಂಡು ಕಂದಪದ್ಯದ ಎಳೆತ ತಿದ್ದಿಕೊಳ್ಳುವುದಕ್ಕೆ ಕೊಂಡದ್ದು ಅದು. ಗುರುರಾಜುಲು ನಾಯ್ಡು ಅವರ ಹರಿಕಥೆಯ ಕ್ಯಾಸೆಟ್ಟುಗಳದ್ದು ಇನ್ನೊಂದು ಬಗೆ. ಕಥೆ, ಹಾಡು, ತಮಾಷೆ, ಬೈಗುಳ ಎಲ್ಲ ಕಲೆಸಿದ ಆ ದನಿಗೆ ಮನೆಮಂದಿಯೆಲ್ಲ ಕೂತು ಕಡಲೆಕಾಯಿ ಬಿಡಿಸಬಹುದಿತ್ತು. ದ್ವೀಪದ ಒಂಟಿತನಕ್ಕೆ ಭಾವಗೀತೆಗಿಂತ ನಾಯ್ಡು ಅವರೇ ಒಳ್ಳೆಯ ಜೊತೆ ಎಂದು ವಾದಿಸುವವರ ಜೊತೆ ಜಗಳ ಕಾಯುವುದು ಬೇಡ.

ಆಲ್ಬಮ್ಮಿಗೆ ಹಿಡಿಸದ ಹಾಡು

ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿ ಜುಂಜಪ್ಪನ ಗುಡ್ಡೆ ಇದೆ. ಜುಂಜಪ್ಪ ಕಾಡುಗೊಲ್ಲರ ವೀರ, ದನಗಾಹಿ, ದೇವರು. ಶಿರಾ, ಪಾವಗಡದಿಂದ ಚಿತ್ರದುರ್ಗದ ಹಿರಿಯೂರು, ಚಳ್ಳಕೆರೆಯವರೆಗೆ ಹರಡಿದ ಗೊಲ್ಲರಹಟ್ಟಿಗಳಲ್ಲಿ ಅವನ ಕಥೆಯನ್ನು ಗಣೆ ಊದುತ್ತ ಹಾಡುತ್ತಾರೆ. ಗಣೆ ಎಂದರೆ ಉದ್ದನೆಯ ಬಿದಿರಿನ ಕೊಳಲು. ಹಾಡುಗಾರನೇ ಊದುಗಾರ, ಒಂದಷ್ಟು ಸಾಲು ಹಾಡಿ, ಅದರ ಗುಂಗನ್ನೇ ಗಣೆಯಲ್ಲಿ ಎಳೆದು, ಮತ್ತೆ ಹಾಡಿಗೆ ಬರುತ್ತಾನೆ. ರಾತ್ರಿ ಶುರುವಾದರೆ ಬೆಳಗಾಗಬೇಕು. ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿ ಮುಗಿಯುವಾಗ ಕಥೆ ಜುಂಜಪ್ಪನ ಹುಟ್ಟಿಗೂ ಬಂದಿರುವುದಿಲ್ಲ. ವಿದ್ವಾಂಸರು ಈ ಕಾವ್ಯವನ್ನು ಬರೆದಿಟ್ಟುಕೊಂಡಿದ್ದಾರೆ. ಅಚ್ಚಿನಲ್ಲಿ ಕಥೆ ಉಳಿಯುತ್ತದೆ, ಗಣೆ ಉಳಿಯದು. ಚಳ್ಳಕೆರೆ ಸೀಮೆಯ ಕಾಡುಗೊಲ್ಲ ಅಜ್ಜಿ ಸಿರಿಯಜ್ಜಿಯ ನೆನಪಿನಲ್ಲಿದ್ದ ಸಾವಿರಾರು ಹಾಡುಗಳನ್ನು ಕೃಷ್ಣಮೂರ್ತಿ ಹನೂರು ಸಂಗ್ರಹಿಸಿ ‘ಸಾವಿರದ ಸಿರಿಯಜ್ಜಿ’ ಎಂಬ ಪುಸ್ತಕ ತಂದರು. ಭಾವಗೀತೆಯಲ್ಲಿ ಕವಿ ಮುಂದೆ, ಐಡಲ್ ಪಾಪ್‌ನಲ್ಲಿ ತಾರೆ ಮುಂದೆ. ಜುಂಜಪ್ಪನ ಕಾವ್ಯದಲ್ಲಿ ಹಾಡಿದವರಿಗೂ ಹೆಸರಿಲ್ಲ, ಕಟ್ಟಿದವರಿಗೂ ಹೆಸರಿಲ್ಲ, ಮುಂದೆ ನಿಂತವನು ಜುಂಜಪ್ಪ ಒಬ್ಬನೇ.

ಕ್ಯಾಸೆಟ್ಟು ಹೋದ ಮೇಲೆ

2000ದ ನಂತರ ಎಂಪಿ3 ಸಿ.ಡಿ. ಬಂತು. ಐವತ್ತು ಹಾಡಿನ ಒಂದು ತಟ್ಟೆಗೆ ಒಂದು ಕ್ಯಾಸೆಟ್ಟಿನಷ್ಟೂ ಬೆಲೆಯಿಲ್ಲ. ಆಲ್ಬಮ್ಮಿಗೆ ಪೆಟ್ಟು ಬಿದ್ದದ್ದು ಅಲ್ಲೇ. ಆಮೇಲೆ ಬಂದ ಯೂಟ್ಯೂಬು ಒಂದೊಂದು ಹಾಡನ್ನೂ ಬಿಡಿಬಿಡಿಯಾಗಿ ಕಿತ್ತಿಟ್ಟಿತು. ಈಗ ‘ಮೈಸೂರು ಮಲ್ಲಿಗೆ’ಯ ಹಾಡು ಮುಗಿದ ಕೂಡಲೇ ಮುಂದಿನದು ಯಾವುದೆಂದು ಹೇಳುವುದು ಕವಿಯೂ ಅಲ್ಲ, ಅಶ್ವತ್ಥ್ ಅವರೂ ಅಲ್ಲ. ಅನಂತಸ್ವಾಮಿ 1995ರಲ್ಲಿ, ಅಶ್ವತ್ಥ್ 2009ರ ಡಿಸೆಂಬರ್ 29ರಂದು ತಮ್ಮ ಹುಟ್ಟುಹಬ್ಬದ ದಿನವೇ, ಎಸ್‌ಪಿಬಿ 2020ರ ಸೆಪ್ಟೆಂಬರಿನಲ್ಲಿ, ಶಿವಮೊಗ್ಗ ಸುಬ್ಬಣ್ಣ 2022ರಲ್ಲಿ ತೀರಿಕೊಂಡರು. ಕೊನೆಯ ದೊಡ್ಡ ಸಂಭ್ರಮವೆಂದರೆ 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥ್ ನಡೆಸಿದ ‘ಕನ್ನಡವೇ ಸತ್ಯ’. ಬರಿಯ ಕವಿತೆಗಳನ್ನು ಕೇಳಲು ಅಷ್ಟು ಜನ ಒಂದೆಡೆ ನೆರೆದದ್ದು ಆಮೇಲೆ ಕಾಣಲಿಲ್ಲ.

‘ಮಾವು ಬೇವು’ ಮಾತ್ರ ಹಳೆಯ ಕ್ರಮವನ್ನು ತಲೆಕೆಳಗು ಮಾಡಿ ಮರಳಿ ಬಂತು. ಸಾಮಾನ್ಯವಾಗಿ ಸಿನಿಮಾದಿಂದ ಕ್ಯಾಸೆಟ್ಟು ಹುಟ್ಟುತ್ತದೆ; ಇದರಲ್ಲಿ ಕ್ಯಾಸೆಟ್ಟಿನಿಂದ ಸಿನಿಮಾ ಹುಟ್ಟಿತು. ಆಲ್ಬಮ್ಮಿನ ಹಾಡುಗಳನ್ನೇ ಇಟ್ಟುಕೊಂಡು, ಅವಕ್ಕೆ ಹೊಂದುವ ಕಥೆ ಹೆಣೆದು ಸುಚೇಂದ್ರ ಪ್ರಸಾದ್ ನಿರ್ದೇಶಿಸಿದ ಅದೇ ಹೆಸರಿನ ಚಿತ್ರ 2023ರಲ್ಲಿ ತೆರೆಕಂಡಿತು. ಗೌಡರು ಹಾವೇರಿಯ ಸಮ್ಮೇಳನದ ಅಧ್ಯಕ್ಷರಾದ ವರ್ಷವೂ ಅದೇ. ಅವರಿಗಿಂತ ಮುಂಚೆ, 2016ರಲ್ಲಿ ರಾಯಚೂರಿನ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದ ಬರಗೂರು ರಾಮಚಂದ್ರಪ್ಪ ಶಿರಾ ತಾಲ್ಲೂಕಿನ ಬರಗೂರಿನವರು; ಅವರೂ ಕವಿ, ಸಿನಿಮಾಕ್ಕೆ ಹಾಡು ಬರೆದವರು. ಅವರ ಕವಿತೆಗಳು ‘ಮಾವು ಬೇವು’ವಿನಷ್ಟು ಮನೆಮಾತಾದ ಒಂದು ಕ್ಯಾಸೆಟ್ಟಾಗಲಿಲ್ಲ. ಆಗಿದ್ದರೆ ಈ ನಾಲ್ಕು ತಾಲ್ಲೂಕುಗಳ ಪಟ್ಟಿಗೆ ಎರಡನೆಯ ಹೆಸರು ಸೇರುತ್ತಿತ್ತು.